ಬಂದರಿನಲ್ಲಿ ನಿಂತ ಕಾರು

ಹಲೋ... ಹಲೋ, ಯಾರ್ರೀ ಮಾತಾಡೋದು?...

ಯಾರು? ಸುದೀಪಾ?... ಹಾಂ, ಹಾಂ, ಗೊತ್ತಾತು. ಚೆನ್ನೈ ಬಂದರಿನಾಗೆ ನಮ್ಮ ಕಾರು ಬಿಡಿಸಿಕೊಡೋರು. ಚನ್ನಗಿರಿಯವ್ರು ಅಲ್ವಾ ನೀವು?... ನಾನು ಉಚ್ಚಂಗೆಮ್ಮ ಕಣ್ರಿ, ಜಗಳೂರಿಂದ. ಗೋಣೆಪ್ಪನವ್ರ ಮನೆಯಾಕೆ. ಫೋನು ಅವ್ರದೇ...

ಅವ್ರಿಗೆ ಕೊಡಾಕೆ ಆಗಲ್ಲ... ಆಸ್ಪತ್ರೆಗೆ ಹೋಗಿಲ್ಲ ಕಣ್ರಿ. ತೀರ್ಕಂಡ್ರು. ಇವತ್ತಿಗೆ ಒಂಬತ್ತು ದಿನ ಆತು...

ಅಯ್ಯೋ, ನಿಮಗೆ ಯಾರು ಹೇಳಬೇಕಿತ್ತು ಬಿಡ್ರಿ. ನನ್ನ ತಮ್ಮ ರಮೇಶ ಸಿಂಗಾಪುರದಿಂದ ಬಂದವನು ಫೋನೇ ಮುಟ್ಟಿಲ್ಲ. ಭಾವನ ಮುಖ ನೋಡಾಕೂ ಸಿಗಲಿಲ್ಲ ಅವನಿಗೆ. ಗೋಡೆ ಕಡೆ ತಿರುಗಿ ಮಲಗಿದಾನೆ, ಊಟನೂ ಇಲ್ಲ...

ಏನಂದ್ರಿ?... ಕಾರು ಬಿಟ್ರಾ? ಆ ಪರೀಕ್ಷೆ, ಸರ್ಟಿಫಿಕೇಟು, ಸುಂಕ, ಎಲ್ಲಾ ಆತಾ?... ಇವತ್ತಾ! ಎಂಥಾ ದಿನ ನೋಡಿ ಬಿಟ್ರು ನೋಡ್ರಿ ನಿಮ್ಮ ಸಾಹೇಬ್ರು! ಒಂದು ಸಲ ಸ್ಟೇರಿಂಗು ಯಾವ ಕಡೆ ಐತೆ ಅಂತ ಫೋಟೋ ಕೇಳಿದ್ರು, ಇನ್ನೊಂದು ಸಲ ಬ್ಯಾಟರಿ ಹುಟ್ಟಿದ ತಾರೀಖು ಕೇಳಿದ್ರು. ಕಾಯ್ತಾ ಇರೋ ಮನುಷ್ಯ ಹೆಂಗದಾನೆ ಅಂತ ಒಬ್ಬರಾದ್ರೂ ಕೇಳಿದ್ರಾ?... ನಿಮ್ಮನ್ನಲ್ಲ ಬೈದಿದ್ದು. ನಿಮ್ಮನ್ನಲ್ಲ...

ಹೂಂ, ವಾರಕ್ಕೆ ಮೂರು ಸಲ ದಾವಣಗೆರೆಗೆ ಡಯಾಲಿಸಿಸ್. ಬಸ್ಸಿನ ಡೀಸೆಲ್ ವಾಸನೆಗೆ ಹೋಗ್ತಾ ವಾಂತಿ, ಬರ್ತಾ ವಾಂತಿ. ಬಾಡಿಗೆ ಕಾರಿನಾಗೂ ಅಷ್ಟೇ. ರಮೇಶ ಸಿಂಗಾಪುರದಾಗೆ ಕಾರು ರಿಪೇರಿ ಶೆಡ್ಡಿನಾಗೆ ಇದ್ದೋನು. ‘ಭಾವ, ನನ್ನ ಕರೆಂಟು ಕಾರು ತಗಂಡು ಊರಿಗೇ ಬಂದುಬಿಡ್ತೀನಿ. ಹೊಗೆ ಇಲ್ಲ, ವಾಸನೆ ಇಲ್ಲ, ಮಲಗಿಸ್ಕಂಡು ಹೋಗ್ತೀನಿ’ ಅಂದ. ಇಲ್ಲೇ ಒಂದು ತಗಳ್ರಿ ಅಂತ ನ್ಯಾಮತಿ ನಾದಿನಿ ಹೇಳಿದ್ಲು, ಇವ್ರು ಕೇಳ್ಬೇಕಲ್ಲ. ಬೇವಿನ ಮರದ ಕೆಳಗೆ ತಗಡು ಹಾಕ್ಸಿದ್ರು. ಲೈನ್‌ಮನ್ ದಾಸಪ್ಪನ್ನ ಕಾಡಿ ಬೇಡಿ ದೊಡ್ಡ ಪ್ಲಗ್ಗು ಕೂರಿಸಿದ್ರು. ದಿನಾ ಬೆಳಿಗ್ಗೆ ಹೋಗಿ ಸ್ವಿಚ್ಚು ಹಾಕಿ ದೀಪ ಹತ್ತುತ್ತಾ ನೋಡೋರು...

ಹೌದು, ಮೊದಲನೇ ಹಡಗು ತಪ್ಪಿತಲ್ಲ, ಅಲ್ಲೇ ಕೆಟ್ಟಿದ್ದು. ಬ್ಯಾಟರಿ ಪೂರ್ತಿ ತುಂಬೈತೆ ಅಂತ ಹತ್ತಿಸ್ಕಳ್ಳಿಲ್ಲ. ಬೆಂಕಿ ಭಯ ಅಂತೆ, ಅರ್ಧನೂ ಇರಬಾರದಂತೆ ಚಾರ್ಜು. ಇನ್ನೊಂದು ಹಡಗಿಗೆ ತಿಂಗಳು ಕಾದ್ವಿ. ಆಮೇಲೆ ನಿಮ್ಮ ಬಂದರಿನಾಗೆ ನಿಂತ್ಕಂತು. ‘ಕಾರು ಬರ್ತೈತಲ್ಲ, ಇವತ್ತೊಂದಿನ ಬಸ್ಸು ಬ್ಯಾಡ ಬಿಡೇ’ ಅಂದ್ರು. ಡಯಾಲಿಸಿಸ್ ಒಂದು ಸಲ ತಪ್ಪಿಸಿದ್ರು. ಇನ್ನೊಂದು ಸಲ. ಮೂರನೇದಕ್ಕೆ ಎದೆಗೆ ನೀರು ತುಂಬಿತ್ತು...

ಇಲ್ಲ ಕಣ್ರಿ, ರಮೇಶಂದಲ್ಲ ತಪ್ಪು... ಕೇಳ್ರಿ ಇಲ್ಲಿ. ಯಾರಿಗೂ ಹೇಳಿಲ್ಲ ನಾನು...

ಹೊನ್ನಾಳಿಯಾಗೆ ನಮ್ಮವ್ವ, ಅವರಿವರ ಮನೆ ಪಾತ್ರೆ ವಾಪಸ್ ಕೊಡಬೇಕಾದ್ರೆ ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡೋಳು. ಖಾಲಿ ಕಳಿಸಬಾರದು ಅಂತ. ನಿಮ್ಮನೇಲೂ ಹಂಗೇ ಅಲ್ವಾ?... ಹಾಂ. ಕಾರು ಹಡಗಿಗೆ ಬಿಡೋ ಹಿಂದಿನ ದಿನ ರಮೇಶ ಫೋನ್ ಮಾಡಿದ್ದ. ಚಾರ್ಜು ಇಳಿಸಬೇಕು ಅಕ್ಕ ಅಂದ. ನಾನು, ‘ಲೇ, ಭಾವನ ಜೀವಕ್ಕೆ ಅಂತ ಬರ್ತಿರೋ ಗಾಡಿ, ಖಾಲಿ ಕಳಿಸ್ತೀಯಾ? ತುಂಬಿಸಿ ಕಳಿಸು’ ಅಂದೆ. ಬ್ಯಾಡಕ್ಕ ಅಂದ. ನನ್ನಾಣೆ ಅಂದೆ. ತುಂಬಿಸಿದ...

ಅವ್ರು ಕೊನೇ ತನಕ ಫೋನಿನಾಗೆ ಅವನ್ನೇ ಬೈದ್ರು. ‘ಒಂಬತ್ತು ವರ್ಷ ಕಾರಿನ ಶೆಡ್ಡಿನಾಗೆ ಏನು ಕಡಿದು ಕಟ್ಟೆ ಹಾಕಿದ್ನೋ’ ಅಂತ. ಅವನು ಅಕ್ಕ ಹೇಳಿದ್ಲು ಅನ್ನಲಿಲ್ಲ. ನಾನು ಪಕ್ಕದಾಗೇ ಕುಂತು ಬೆನ್ನು ತಿಕ್ಕತಿದ್ದೆ. ‘ನಾನು ಕಣ್ರಿ ಹೇಳಿದ್ದು’, ಅಷ್ಟೇ ಮಾತು, ಬಾಯಿಗೆ ಬರಲಿಲ್ಲ. ಈಗ ಯಾರಿಗೆ ಹೇಳ್ಲಿ?...

ಅಳಲ್ಲ, ಅಳಲ್ಲ. ಹೇಳ್ರಿ...

ಲಾರಿ ಮ್ಯಾಲಾ? ಯಾವತ್ತು?... ನಾಡಿದ್ದಾ? ಅವತ್ತು ಹನ್ನೊಂದನೇ ದಿನ ಕಣ್ರಿ, ತಿಥಿ. ಬರ್ಲಿ ಬಿಡ್ರಿ. ತಗಡಿನ ಕೆಳಗೆ ಜಾಗ ಐತಲ್ಲ...

ಏನು, ಚಾರ್ಜಾ?... ನಿಂತು ನಿಂತು ಇಳಿದೈತಾ?... ನೀವೇ ತುಂಬಿಸಿ ಕಳಿಸ್ತೀರಾ?...

ಬ್ಯಾಡ. ಬ್ಯಾಡ ಕಣಪ್ಪ ಸುದೀಪ. ಖಾಲಿನೇ ಕಳಿಸು...

ಹಲೋ?... ಕೇಳಿಸ್ತಾ? ಖಾಲಿ... ಹಲೋ... ಹಲೋ...