ಫಾದರ್ ಚೌರಪ್ಪನವರ ಜಪಾನೀಸ್ ಕ್ಲಾಸು

ದೀಪ ಆರಿಸಬೇಡಿ, ಹೇಳ್ತೀನಿ. ಕಟ್ಟುಕತೆಯಲ್ಲ ಇದು... ಹೋದ ಕಾರ್ತಿಕದಲ್ಲಿ, ಇಲ್ಲೇ ನಜರ್‌ಬಾದಿನಲ್ಲಿ, ನಮ್ಮ ಚಿಕ್ಕಪ್ಪನ ಮಗಳು ಲಹರಿಗೆ ಆದದ್ದು.

ರಾತ್ರಿ ಎಂಟೂವರೆ. ಮನೆಗೆ ನಡೆದು ಹೋಗುತ್ತಿದ್ದವಳು ಕ್ಲಾಸಿನ ಕಾಂಪೌಂಡಿನೊಳಕ್ಕೆ ತಿರುಗಿದಳು. ಜಾಲರಿ ಮುಚ್ಚಿದ ಹಳೇ ಬಾವಿ, ಅದನ್ನು ದಾಟಿದರೆ ಆ ರೂಮು. ಯೇಸುಸಭೆಯ ಪಾದ್ರಿ ಫಾದರ್ ಚೌರಪ್ಪ ಜಪಾನಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ಬಂದು, ಅಲ್ಲಿನ ಭಾಷೆಯನ್ನೂ ನಡವಳಿಕೆಯನ್ನೂ ಇನ್ನಿಪ್ಪತ್ತೆರಡು ವರ್ಷ ಇಲ್ಲಿ ಕಲಿಸಿದರು. ಹುಡುಗರು ಒಳಗೆ ಬರೆಯುತ್ತಿದ್ದರೆ ಇವರು ಹೊರಗೆ ಕುಕ್ಕರುಗಾಲಲ್ಲಿ ಕೂತು, ಒಬ್ಬೊಬ್ಬರ ಚಪ್ಪಲಿಯನ್ನೂ ರಸ್ತೆಯ ಕಡೆ ತಿರುಗಿಸಿಡುವರು. ಕೂತಾಗ ಮಂಡಿ ಲಟಕ್ ಅನ್ನುವುದು. "ಹೋಗೋರಿಗೆ ಸಲೀಸಾಗ್ಲಿ ಕಣಮ್ಮ" ಅನ್ನುವರು. ಅಷ್ಟು ದೊಡ್ಡ ವಿದ್ವಾಂಸರು ಚಪ್ಪಲಿ ಮುಟ್ಟುವುದೆಂದರೆ ನಮ್ಮ ಹುಡುಗರಿಗೆ ಪ್ರಾಣಸಂಕಟ.

ಆಷಾಢದಲ್ಲಿ ಫಾದರ್ ತೀರಿಕೊಂಡರು. ಹಿಂದಿನ ದಿನ ತಮ್ಮ ಹಳೇ ಶಿಷ್ಯೆ ಲಹರಿಯ ಕೈಗೆ ರೂಮಿನ ಕೀಲಿಕೈ ಇಟ್ಟು, "ಕ್ಲಾಸ್ ನಿಲ್ಲಿಸ್ಬೇಡ" ಅಂದಿದ್ದರು. ಇವಳು ಹೂಂ ಅಂದಿದ್ದಳು. ಮೂವತ್ತು ಜನರಿದ್ದ ಕ್ಲಾಸಿಗೆ ಈಗ ಬರುತ್ತಿದ್ದವರು ನಾಲ್ವರು. ಅವರ ಹಾಗೆ ಕಲಿಸಲು ನನಗೆಲ್ಲಿ ಬರುತ್ತೆ ಅಂತ ಅವಳಿಗೆ ದಿನಾ ನಾಚಿಕೆ. ಕೊನೆಗೆ, ಕ್ಲಾಸು ಮುಚ್ಚುತ್ತೇನೆಂದು ಸಭೆಯವರಿಗೆ ಕಾಗದ ಬರೆದೇಬಿಟ್ಟಳು.

ಆ ರಾತ್ರಿ ಅದನ್ನು ಹಿಡಿದು ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಫಾದರ್ ಹೋದ ಮೇಲೆ ಅದು ಅವಳದೇ ಕೆಲಸ; ಬಗ್ಗಿ ರಸ್ತೆಯ ಕಡೆ ತಿರುಗಿಸಿಟ್ಟಳು. ಒಳಗೆ ಹೋಗಿ ಮೇಜಿನ ಮೇಲೆ ಕಾಗದ ಇಟ್ಟಳು. ಅದರ ಮೇಲೆ ಕೀಲಿಕೈ...

ಲಟಕ್.

ಹೊರಗೆ... ಬಾಗಿಲ ಬುಡದಲ್ಲೇ.

ಆಮೇಲೆ ಸಿಮೆಂಟಿನ ಮೇಲೆ ಸರ್ರ್... ಇನ್ನೊಂದು ಸಲ, ಸರ್ರ್.

"ಫಾದರ್?" ಅಂದಳು ಪಿಸುದನಿಯಲ್ಲಿ. ಹೇಗೋ ಹೊಸ್ತಿಲಿಗೆ ಬಂದಳು. ಯಾರೂ ಇಲ್ಲ. ಗೇಟಿನ ಕಡೆಯಿಂದ ವಾಚ್‌ಮನ್ ದೇವರಾಜು ಟಾರ್ಚ್ ಹಿಡಿದು ಬರುತ್ತಿದ್ದ.

"ಯಾರ್ ಬಂದಿದ್ರು, ದೇವರಾಜು?"

"ಯಾರೂ ಇಲ್ಲ ಕಣಮ್ಮ... ನೀವು ಒಳಕ್ ಬಂದ್ಮೇಲೆ ಗೇಟಿಗೆ ಬೀಗ ಹಾಕ್ಬುಟ್ಟೆ."

ಹೇಳುತ್ತ ಟಾರ್ಚಿನ ಬೆಳಕನ್ನು ಕೆಳಕ್ಕೆ, ಅವಳ ಚಪ್ಪಲಿಯ ಮೇಲೆ ಬಿಟ್ಟ.

ಲಹರಿ ಅತ್ತಳಂತೆ. ಒಳಗೆ ಹೋಗಿ ಕಾಗದ, ಕೀಲಿಕೈ ಎರಡನ್ನೂ ವಾಪಸು ತಂದಳು. ಕ್ಲಾಸು ಈಗಲೂ ನಡೀತಿದೆ, ಅದೇ ನಾಲ್ಕು ಜನಕ್ಕೆ. ನಗೋರು ನಗಿ, ದೇವರಾಜು ಇನ್ನೂ ಆ ಗೇಟಲ್ಲೇ ಇದ್ದಾನೆ, ಕೇಳಿ ನೋಡಿ. ಆವತ್ತು ಚಪ್ಪಲಿ ಮೆಟ್ಟಿಕೊಳ್ಳಲು ಅವಳು ರಸ್ತೆಗೆ ಬೆನ್ನು ಮಾಡಿ, ರೂಮಿನ ಕಡೆ ತಿರುಗಿ ನಿಲ್ಲಬೇಕಾಯಿತು.