ಗುಬ್ಬಿಗೆ ಹತ್ತಿದ ರಾಗಿ ರುಚಿ

೨೦೦೫ರ ಅಕ್ಟೋಬರ್, ದೆಹಲಿ. ಕರೋಲ್ ಬಾಗ್ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ಇಬ್ಬರು ಕನ್ನಡ ಮಾತಾಡುತ್ತಿದ್ದರು. ಕೃಷಿ ಓದುತ್ತಿದ್ದವಳಿರಬೇಕು, ಹುಡುಗಿಯ ಕೈಯಲ್ಲೊಂದು ರಾಗಿ ತೆನೆಯಿತ್ತು.

“ಹೋದ ವರ್ಷ ನಿನ್ನ ರಾಗಿಗೆ ಒಂದು ಗುಬ್ಬೀನೂ ಬಂದಿರಲಿಲ್ಲ ಅಲ್ವಾ, ಧಾರಿಣಿ?”

“ಇಲ್ಲಿ ಸುತ್ತ ಬೆಳೆಯೋದೇ ಗೋಧಿ, ಬಾಜ್ರಾ. ಅವು ರಾಗಿ ನೋಡೇ ಇರಲಿಲ್ಲ, ಯೋಗೀಶಣ್ಣ.”

“ಈ ಸಲ?”

“ಅರ್ಧ ಪ್ಲಾಟ್ ಖಾಲಿ ಮಾಡಿವೆ.”

“ಅಯ್ಯೋ! ಥೀಸಿಸ್ ಗತಿ?”

“ಉಳಿದರ್ಧಕ್ಕೆ ಬಲೆ ಹಾಕಿದೀನಿ, ಸಾಕಾಗುತ್ತೆ.”

“ಮತ್ತೆ ನಗ್ತಿದೀಯಲ್ಲ?”

“ಎಷ್ಟು ಸಲ ಮುದ್ದೆ ಮಾಡಿಕೊಟ್ರೂ ನಮ್ಮ ಹಾಸ್ಟೆಲಿನಲ್ಲಿ ಒಬ್ಬರೂ ಎರಡನೇ ತುತ್ತು ತಗೊಂಡಿಲ್ಲ. ಇವಕ್ಕೆ ಒಂದೇ ವರ್ಷದಲ್ಲಿ ರುಚಿ ಹತ್ತಿದೆ.”

ಬಸ್ಸು ಬಂತು. ಅವಳು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಕಾಳನ್ನು ಕಟ್ಟೆಯ ಮೇಲೆ ಉದುರಿಸಿದಳು.

“ಚಲೋ ಅಣ್ಣ, ಹೋಗೋಣ. ಕರೋಲ್ ಬಾಗಿನ ಗುಬ್ಬಿಗಳೂ ತಿಂದು ನೋಡ್ಲಿ.”