ಸೀಮೆಸುಣ್ಣದ ನಾಲ್ಕನೇ ಬಾಗಿಲು

ಎಲ್ಲರಿಗೂ ಸಿದ್ದಲಿಂಗಪ್ಪನ ನಮಸ್ಕಾರ. ಶೀಲಾವತಿ ಅಕ್ಕ, ಮಗಳು ಪ್ರಫುಲ್ಲಾ, ಊರಿನಿಂದ ಬಂದ ಬಂಧುಗಳೇ, ಕುರ್ಲಾದ ನಮ್ಮ ಗ್ಯಾರೇಜ್ ಸಾಲಿನ ಗೆಳೆಯರೇ, ಪವಾಯಿಯಿಂದ ಬಂದಿರುವ ಕೇಶವಮೂರ್ತಿಯವರೇ, ಅವರ ತಾಯಿ ರಮಾಮಣಿ ಅಮ್ಮನವರೇ —

ಮೊದಲಿಗೆ ಒಂದು ಮಾತು. ಕಾಲು ನೋಡಿಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಇದೆ, ತುಳಿಯಬೇಡಿ. ಬೆಳಿಗ್ಗೆ ಯಾರೋ ಪುಣ್ಯಾತ್ಮರು ಶ್ರದ್ಧಾಂಜಲಿ ಸಭೆ ಅಂತ ಹೇಳಿ ಶೆಡ್ಡು ಗುಡಿಸಲು ಪೊರಕೆ ಹಿಡಿದು ಬಂದಿದ್ದರು. ನಾನು ಕೂಗಾಡಿದೆ. ಕೂಗಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಅದು ಅಕ್ಕನ ಯಜಮಾನರು, ನಮ್ಮ ಕೊರಗಪ್ಪಣ್ಣ ಎಳೆದ ಗೆರೆ. ಕಳೆದ ವಾರ ಇದನ್ನು ಎಳೆದು, ಕೈ ಒರೆಸಿಕೊಂಡು, ಚಹಾ ಕುಡಿದು ಎದ್ದವರು ಎದೆ ಹಿಡಿದುಕೊಂಡು ಇಲ್ಲೇ ಕೂತುಬಿಟ್ಟರು. ಆಸ್ಪತ್ರೆ ಮುಟ್ಟಲಿಲ್ಲ.

ನನಗೆ ದುಃಖ ಆಗಿದೆ. ಸಿಟ್ಟೂ ಬಂದಿದೆ. ಎರಡನ್ನೂ ಹೇಳುತ್ತೇನೆ, ಕೇಳಿ.

ನೆಂಟರಿಗೆ ನಮ್ಮ ಕಸುಬು ಗೊತ್ತಿರಲಿಕ್ಕಿಲ್ಲ. ಹಳೇ ಜೀಪುಗಳಿಗೆ ಇರುವುದು ಎರಡೇ ಬಾಗಿಲು. ಮುಂದೆ ಕೂತವರು ಮಹಾರಾಜರು. ಹಿಂದೆ ಕೂರಬೇಕಾದವರು — ಸಾಮಾನ್ಯವಾಗಿ ಹೆಂಗಸರು, ಮುದುಕರು — ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ, ಸೀರೆ ಎತ್ತಿ ಹಿಡಿದು ನುಸುಳಬೇಕು. ಇಳಿಯಬೇಕೆಂದರೆ ಮುಂದಿನವರು ದೊಡ್ಡ ಮನಸ್ಸು ಮಾಡಿ ಇಳಿಯಬೇಕು. ಅಂಥ ಜೀಪನ್ನು ನಾವು ನಡುವೆ ಕೊಯ್ದು, ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಉದ್ದ ಮಾಡಿ, ಹಿಂದಿನವರಿಗೂ ಎರಡು ಬಾಗಿಲು ಕೂಡಿಸಿ ಕೊಡುತ್ತೇವೆ. ಕೊರಗಪ್ಪಣ್ಣ ಅಳತೆ ಮಾಡಿ ಕೊಯ್ಯುವವರು, ನಾನು ವೆಲ್ಡಿಂಗ್ ಮಾಡುವವನು. ಅವರು ಕರಾವಳಿ, ನಾನು ಗದಗಿನ ಕಡೆಯವನು. ಇಬ್ಬರೂ ದಿನಾ ಜಗಳ ಆಡಿದ್ದೇವೆ, ದಿನಾ ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ.

ಎಂಬತ್ತಮೂರನೇ ಇಸವಿಯಲ್ಲಿ ನಮ್ಮ ಮೊದಲ ನಾಲ್ಕು ಬಾಗಿಲಿನ ಜೀಪು ಹೊರಬಿತ್ತು. ಬಾಂದ್ರಾದ ಹೋಟೆಲಿನ ಅಣ್ಣು ಶೆಟ್ಟರದು — ಅಲ್ಲಿ ಕೂತು ಈಗಲೇ ನಗುತ್ತಿದ್ದಾರೆ ನೋಡಿ. ಅದೇ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾ ಕೊರಗಪ್ಪಣ್ಣನ ಮುಂಬಯಿ ಜೀವನ ಶುರುವಾದದ್ದು. ಹಳೇ ಮಾಲೀಕರಿಗೆ ಮೊದಲ ಗಾಡಿ ಅಂತ ಬಾಗಿಲುಗಳನ್ನು ಅಗಲ ಇಟ್ಟೆವು, ನಡುವಿನ ಕಂಬವನ್ನು ತೆಳ್ಳಗೆ ಮಾಡಿದೆವು. ಏನು ಚಂದ ಕಾಣುತ್ತಿತ್ತು! ಬೆರಳಲ್ಲಿ ತಳ್ಳಿದರೆ ಸಾಕು — ಟಪ್ — ಮುಚ್ಚಿಕೊಳ್ಳುತ್ತಿತ್ತು. ಶೆಟ್ಟರ ಮಗಳ ಮದುವೆ ದಿಬ್ಬಣ ಅದರಲ್ಲೇ ಹೊರಟಿತು. ಮದುಮಗಳು, ಅತ್ತೆಯಂದಿರು, ಚಿಕ್ಕಮ್ಮಂದಿರು, ತಟ್ಟೆ, ತೆಂಗಿನಕಾಯಿ ಎಲ್ಲ ಒಳಗೆ.

ಹಾಲ್ ಮುಂದೆ ಗಾಡಿ ನಿಂತಿತು. ವಾದ್ಯ ಬಾರಿಸಿದರು. ಬಾಗಿಲು ತೆಗೆಯಲು ಹೋದರೆ — ಹೂಂ ಹೂಂ, ಬರುವುದಿಲ್ಲ! ಜನ ತುಂಬಿದ ಮೇಲೆ ಗಾಡಿಯ ನಡು ಕುಸಿದಿತ್ತು, ನಾಲ್ಕೂ ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡಿದ್ದವು. ಕೊನೆಗೆ ಹಿಂದಿನ ಹಲಗೆ ಇಳಿಸಿ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದೆವು. ಶೆಟ್ಟರು ನಮ್ಮನ್ನು ನೋಡಿ ಕೇಳಿದರು, "ಅಲ್ಲ ಕೊರಗಪ್ಪ, ಇದು ನನ್ನ ಮಗಳ ದಿಬ್ಬಣವಾ, ಇಲ್ಲ ಮೀನಿನ ಲೋಡಾ?"

ನಗಿ, ನಗಿ. ಅವರೂ ಆಮೇಲೆ ವರ್ಷಗಟ್ಟಲೆ ನಕ್ಕಿದ್ದಾರೆ. ಆದರೆ ಅವತ್ತು ನಗಲಿಲ್ಲ. ಮರುದಿನ ಬಂದು ನನಗೆ ಹೇಳಿದರು, "ಖಾಲಿ ಗಾಡಿಯ ಬಾಗಿಲು ಯಾರು ಬೇಕಾದ್ರೂ ತೆಗೀತಾರೆ ಮಾರಾಯ. ಜನ ಕೂತ ಮೇಲೆ ತೆಗೀಲಿಕ್ಕೆ ಆಗ್ಬೇಕು."

ನಡುವಿನ ಕಂಬವನ್ನು ದಪ್ಪ ಮಾಡಿದೆವು. ಜೊತೆಗೆ ಅಲ್ಲಿಂದಲೇ ಶುರುವಾಯಿತು ನೋಡಿ ಈ ಗೆರೆಯ ಪದ್ಧತಿ. ಬಾಗಿಲಿನ ತಗಡು ಮುಟ್ಟುವ ಮೊದಲು ನೆಲದ ಮೇಲೆ ಇಡೀ ಗಾಡಿಯನ್ನು ಬರೆಯಬೇಕು, ಇದ್ದಷ್ಟೇ ಅಳತೆಯಲ್ಲಿ. ಒಳಗೆ ಕುರ್ಚಿ ಹಾಕಬೇಕು. ಮನೆಯವರೆಲ್ಲ ಬಂದು ಕೂರಬೇಕು, ಏಳಬೇಕು. ಮನೆಯ ಹಿರಿಯರು ಹೇಗೆ ಏಳುತ್ತಾರೆ, ಯಾವ ಕಾಲು ಮೊದಲು ಹೊರಗಿಡುತ್ತಾರೆ, ಕೈ ಎಲ್ಲಿ ಊರುತ್ತಾರೆ — ಅದನ್ನು ಕಣ್ಣಿಂದ ನೋಡದೆ ಅವರ ಬಾಗಿಲಿನ ಗೆರೆ ಎಳೆಯುತ್ತಿರಲಿಲ್ಲ. ನಾನು ರೇಗುತ್ತಿದ್ದೆ. "ಏನಣ್ಣಾ, ಗಿರಾಕಿಗಳನ್ನ ಕರದು ಕುರ್ಚಿ ಆಟ ಆಡಸಾಕತ್ತೀರಲ್ಲ, ಮಂದಿ ನಗತಾರ!" ಅವರು ತಲೆ ಎತ್ತದೆ ಹೇಳುತ್ತಿದ್ದರು, "ಆಟ ಈಗಲೇ ಆಡ್ಬೇಕು ಸಿದ್ದಪ್ಪ. ಬಾಗಿಲು ಕೊಯ್ದ ಮೇಲೆ ಆಟ ಇಲ್ಲ."

— ಲೋಕಲ್ ಟ್ರೈನು ಹೋಗಲಿ, ಈ ಸದ್ದು ನಿಂತ ಮೇಲೆ ಹೇಳುತ್ತೇನೆ —

ಹಾಂ. ಈಗ ಈ ಗೆರೆ. ಇದು ಕೇಶವಮೂರ್ತಿಯವರ ಜೀಪು. ಅಲ್ಲಿ ಹಿಂದೆ, ಟಾರ್ಪಾಲಿನ್ ಹೊದಿಸಿರುವುದು ಅದಕ್ಕೇ. ನಡುವೆ ಕೊಯ್ದಾಗಿದೆ, ಚಾಸಿ ಉದ್ದ ಮಾಡಿಯಾಗಿದೆ. ನೆಲದ ಮೇಲೆ ಮೂರು ಬಾಗಿಲಿನ ಗೆರೆ ಬಿದ್ದಿದೆ. ನಾಲ್ಕನೆಯದು, ಹಿಂದಿನ ಎಡಗಡೆಯದು, ಖಾಲಿ ಇದೆ. ಅದು ರಮಾಮಣಿ ಅಮ್ಮ ಕೂರುವ ಜಾಗ. ಅಮ್ಮನ ಎಡ ಮಂಡಿ ಮಡಚುವುದಿಲ್ಲ. ಆ ವಾರ ನೋವು ಜಾಸ್ತಿಯಾಗಿ ಅವರು ಬರಲಿಲ್ಲ. ಅಂದಾಜಿಗೆ ಒಂದು ಗೆರೆ ಎಳೆಯಿರಿ ಅಂದೆ. "ಅಂದಾಜು ಬೇಡ. ಅಮ್ಮ ಬರ್ಲಿ. ಅವರ ಬಾಗಿಲು ಅವರೇ ತೋರಿಸ್ಬೇಕು," ಅಂದರು. ನನ್ನ ಜೊತೆ ಅವರ ಕೊನೆಯ ಜಗಳ ಅದೇ.

ಕೊರಗಪ್ಪಣ್ಣನನ್ನು ಸುಟ್ಟು ಬಂದ ಸಂಜೆಯೇ ಈ ಸಾಲಿನಲ್ಲಿ ಮಾತು ಶುರುವಾಯಿತು. ಯಾರು ಅಂತ ಹೆಸರು ಹೇಳುವುದಿಲ್ಲ, ಮುಖ ಕೆಳಗೆ ಹಾಕಿದವರು ಹಾಕಲಿ. "ಕೊರಗಪ್ಪ ಹೋದ, ನಾಲ್ಕು ಬಾಗಿಲೂ ಹೋಯ್ತು." ಕೇಶವಮೂರ್ತಿಯವರು ಒಳ್ಳೆಯ ಮನಸ್ಸಿನಿಂದಲೇ ಫೋನ್ ಮಾಡಿದರು, "ಸಿದ್ದಲಿಂಗಪ್ಪನೋರೇ, ಇಂಥಾ ಹೊತ್ತಲ್ಲಿ ನೀವು ತೊಂದ್ರೆ ತಗೋಬೇಡಿ. ಮುಂಚೆ ಇದ್ದ ಹಾಗೆ ಎರಡೇ ಬಾಗಿಲು ಕೂರಿಸಿ ಕೊಟ್ಬಿಡಿ." ನೆಂಟರು ಅಕ್ಕನಿಗೆ ಬುದ್ಧಿ ಹೇಳಿದರು: ಶೆಡ್ಡು ಯಾರಿಗಾದರೂ ಕೊಟ್ಟುಬಿಡು, ಊರಿಗೆ ನಡೆ, ಹೆಣ್ಣುಮಗಳು ಕಬ್ಬಿಣದ ಕೆಲಸ ಮಾಡುವುದುಂಟಾ?

ಶೀಲಾವತಿ ಅಕ್ಕ ನನ್ನನ್ನು ಕರೆದು ಕೇಳಿದ್ದು ಇಷ್ಟೇ. "ಸಿದ್ದಣ್ಣ, ಈ ಗಾಡಿ ಅವರು ಹೇಳಿದ ಹಾಗೆ ಮುಗೀತದಾ? ಮುಗೀತದೆ ಅಂತಾದ್ರೆ ನಾವು ಇಲ್ಲೇ ಇರ್ತೇವೆ. ಇಲ್ಲಾಂದ್ರೆ ಶೆಡ್ಡಿಗೆ ಬೀಗ ಹಾಕಿ ಊರಿಗೆ ಹೋಗ್ತೇವೆ."

ಅಕ್ಕ, ಆ ಪ್ರಶ್ನೆಗೆ ಉತ್ತರ ಇವತ್ತು ಎಲ್ಲರ ಎದುರಿಗೆ ಕೊಡುತ್ತೇನೆ. ಮುಗಿಯುತ್ತದೆ. ಎರಡು ಬಾಗಿಲಲ್ಲ, ಮೂರು ಬಾಗಿಲಲ್ಲ — ನಾಲ್ಕು ಬಾಗಿಲಿನಿಂದಲೇ ಮುಗಿಯುತ್ತದೆ. ಬೆಸುಗೆಗೆ ನಾನಿದ್ದೇನೆ. ಅಳತೆಗೆ ಪ್ರಫುಲ್ಲಾ ಇದ್ದಾಳೆ. ಅಪ್ಪ ಟೇಪಿನ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಹಿಡಿದು ಬೆಳೆದವಳು ಅವಳು. ನಿನ್ನೆ ಕೇಳಿದೆ, ಆಗುತ್ತದೇನಮ್ಮಾ ಅಂತ. ಅವಳ ಕನ್ನಡ ನಿಮಗೆ ಗೊತ್ತಲ್ಲ — "ಅಂಕಲ್, ಲೈನ್ ನಾನು ಹೊಡೀತೇನೆ. ಬಟ್ ಟೆಸ್ಟ್ ಖಾಲಿ ಗಾಡೀಲಿ ನಹೀ. ಸಬ್ ಲೋಗ್ ಬೈಠ್‌ನೇ ಕೆ ಬಾದ್." ಎಲ್ಲರೂ ಕೂತ ಮೇಲೆಯೇ ಪರೀಕ್ಷೆ — ಶೆಟ್ಟರಿಂದ ಕಲಿತು ಅಪ್ಪ ಪಾಲಿಸಿದ ಮಾತೇ ಅದು. ಭಾಷೆ ಯಾವುದಾದರೇನು, ಕೇಳಿ ನನ್ನ ಕಣ್ಣು ತುಂಬಿತು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಇವತ್ತು ರಮಾಮಣಿ ಅಮ್ಮ ಬಂದಾಗ ಕುರ್ಚಿ ಹಾಕಿದವನು ನಾನೇ. ಎಲ್ಲಿ ಹಾಕಿದೆ ಅಂತ ನೋಡಿ. ಗೆರೆಯ ಒಳಗೆ, ಹಿಂದೆ, ಎಡಗಡೆ. ಕೂತ ಕೂಡಲೇ ಅಮ್ಮ ಕೇಳಿದರು, "ಏನಪ್ಪಾ, ನನ್ನನ್ನ ರಂಗೋಲಿ ಮಧ್ಯ ಕೂರಿಸಿದ್ದೀಯ?" ವಿಷಯ ಹೇಳಿದೆ. ಅಮ್ಮ ಮಂಡಿ ಸವರಿಕೊಳ್ಳುತ್ತಾ ಅಂದರು, "ನಾನು ಏಳೋದು ನಿಧಾನ ಕಣಪ್ಪಾ. ಎಲ್ಲರನ್ನೂ ಕಾಯಿಸಬೇಕಾಗುತ್ತೆ." ಕಾಯುತ್ತೇವೆ ಅಮ್ಮ. ಕೊರಗಪ್ಪಣ್ಣ ಕಾದಿದ್ದೂ ಅದಕ್ಕೇ.

ಕೇಶವಮೂರ್ತಿಯವರೇ, ದಯವಿಟ್ಟು ತಾಯಿಯ ಕೈ ಹಿಡಿಯಬೇಡಿ. ಅವರು ಒಬ್ಬರೇ ಏಳಲಿ. ಪ್ರಫುಲ್ಲಾ, ಬಾರಮ್ಮಾ. ಇದು ನಿನ್ನ ಅಪ್ಪನ ಅಂಗಿ ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡು, ತಗೋ. ಅಮ್ಮ ಯಾವ ಕಾಲು ಎಲ್ಲಿ ಇಡುತ್ತಾರೆ, ಸರಿಯಾಗಿ ನೋಡು. ನೋಡಿ ಆದ ಮೇಲೆ ಅಲ್ಲೇ ಬಾಗಿಲಿನ ಗೆರೆ ಎಳೆ.

ಸಭೆಯಲ್ಲಿ ಇರುವವರೆಲ್ಲ ಎದ್ದು ನಿಲ್ಲೋಣ. ಗಡಿಯಾರ ನೋಡಬೇಡಿ. ಆ ಗೆರೆ ಎಳೆದು ಮುಗಿಯುವವರೆಗೆ ನಮ್ಮ ಮೌನ.

ಅಮ್ಮ, ಏಳಿ. ಅವಸರ ಏನೂ ಇಲ್ಲ.